ಯಾವ ಪೇಪರ್‌ನವರು ನೀವು? ಕೋಲಾರದ ಯುವ ಪತ್ರಿಕಾ ಛಾಯಾಗ್ರಾಹಕರ ಮುಂದಿರುವ ದಾರಿಗಳ ಒಂದು ಹೋಲಿಕೆ

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜು ನಡೆಯುವ ಹೊತ್ತಿಗೆ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ನಿಂತವರನ್ನು ಹಮಾಲಿಗಳು ಮೊದಲು ಕೇಳುವುದು "ಯಾವ ಪೇಪರ್ ಸಾರ್?" ಎಂದು. ಯಾವ ಪೇಪರೂ ಅಲ್ಲ, ನನ್ನಷ್ಟಕ್ಕೆ ನಾನೇ ತೆಗೆಯುತ್ತಿದ್ದೇನೆ ಎಂದರೆ ಎರಡನೆಯ ಪ್ರಶ್ನೆ ಬರುತ್ತದೆ: "ಹಂಗಾದ್ರೆ ಯಾತಕ್ಕೆ ತೆಗೀತೀರ?" ಮೊದಲ ಪ್ರಶ್ನೆಗೆ ಒಂದು ಗುರುತಿನ ಚೀಟಿ ಉತ್ತರ ಕೊಡಬಲ್ಲದು. ಎರಡನೆಯದಕ್ಕೆ ಉತ್ತರ ಸಿಗದೆ ಪದವಿ ಮುಗಿಸಿದ ಎರಡೇ ವರ್ಷಗಳಲ್ಲಿ ಕ್ಯಾಮೆರಾವನ್ನು ಮಾರಿ ಬೇರೆ ಕೆಲಸ ಹಿಡಿದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಈ ಬರಹ ಆ ಎರಡನೆಯ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ನಮ್ಮ ಜಿಲ್ಲೆಯಲ್ಲಿ ಸ್ವತಂತ್ರವಾಗಿ ಸುದ್ದಿಚಿತ್ರ ತೆಗೆಯಬೇಕೆನ್ನುವ ಯುವಕ ಯುವತಿಯರಿಗೆ ತೆರೆದಿರುವ ದಾರಿಗಳನ್ನು ಹೋಲಿಸಿ ನೋಡುವ ಪ್ರಯತ್ನ.

ಸಾಮಾನ್ಯವಾಗಿ ಮನೆಯವರು ಈ ದಾರಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ, ತಿಂಗಳಿಗೆ ಎಷ್ಟು ಬರುತ್ತದೆ ಎಂಬುದರಲ್ಲಿ. ಅದು ತಪ್ಪಲ್ಲ, ಅಪ್ಪನ ದುಡಿಮೆಯಲ್ಲಿ ಲೆನ್ಸ್ ಕೊಂಡವರು ಆ ಲೆಕ್ಕವನ್ನು ಕೊಡಲೇಬೇಕು. ಆದರೆ ಅದರ ಜೊತೆಗೆ ಇನ್ನೂ ಮೂರು ವಿಷಯಗಳನ್ನು ಕೇಳಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ತೆಗೆದ ಚಿತ್ರ ಕೊನೆಗೆ ಯಾರ ಸ್ವತ್ತಾಗುತ್ತದೆ? ನಿಮ್ಮ ಚಿತ್ರವನ್ನು ನೋಡಿ ಇದು ಸರಿಯಿಲ್ಲ ಎಂದು ಹೇಳುವವರು ಯಾರಿದ್ದಾರೆ? ಮತ್ತು ಒಂದು ಜಾಗಕ್ಕೆ, ಒಂದು ಮನೆಗೆ, ಮೂರನೆಯ ಸಲ ಹೋಗಲು ಆ ಕೆಲಸ ನಿಮಗೆ ಬಿಡುವು ಕೊಡುತ್ತದೆಯೇ? ಈ ಕೊನೆಯ ಪ್ರಶ್ನೆಗೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಅದಕ್ಕೆ ಕಾರಣವನ್ನು ಟೊಮೆಟೊದ ಮೂಲಕವೇ ಹೇಳುವುದು ಸುಲಭ.

ಬೆಲೆ ಬಿದ್ದ ವರ್ಷ ರೈತರು ರಸ್ತೆಗೆ ಟೊಮೆಟೊ ಸುರಿಯುತ್ತಾರೆ, ನಾವು ಆ ಕೆಂಪು ರಾಶಿಯ ಚಿತ್ರ ತೆಗೆಯುತ್ತೇವೆ. 2023ರ ಜುಲೈನಲ್ಲಿ 15 ಕೆ.ಜಿ.ಯ ಒಂದು ಬಾಕ್ಸ್ 2,000 ರೂಪಾಯಿ ದಾಟಿದಾಗ ಊರಿಗೆ ಟಿ.ವಿ. ವಾಹನಗಳು ಬಂದವು, ಆಗ ನಾವು ನೋಟು ಎಣಿಸುವ ಕೈಗಳ ಚಿತ್ರ ತೆಗೆದೆವು. ಇವೆರಡೂ ಸುಳ್ಳು ಚಿತ್ರಗಳಲ್ಲ, ಆದರೆ ಇವನ್ನು ಯಾರು ಬೇಕಾದರೂ ತೆಗೆಯಬಹುದು, ಪ್ರತಿ ಸಲವೂ ಅವೇ ಚಿತ್ರಗಳು ಬರುತ್ತವೆ. ನಾನು ಒಂದೇ ತೋಟಕ್ಕೆ ಮೂರನೆಯ ಸಲ ಹೋದ ದಿನ, ಹಣ್ಣು ಬಿಡಿಸಿ ಮುಗಿಸಿದ ಹೆಂಗಸರು ಬದುವಿನ ಮೇಲೆ ಕುಳಿತು ಕೈ ತೊಳೆಯುತ್ತಿದ್ದರು. ಟೊಮೆಟೊ ಗಿಡದ ಅಂಟು ಬೆರಳುಗಳಿಗೆ ಹತ್ತಿ ಹಸಿರುಗಪ್ಪಾಗುತ್ತದೆ, ಸೋಪು ಹಾಕಿ ಉಜ್ಜಿದರೂ ಸುಲಭಕ್ಕೆ ಬಿಡುವುದಿಲ್ಲ. ಅವರು ಮಾರಾಟಕ್ಕೆ ಬಾರದ ಒಡಕಲು ಕಾಯಿಗಳನ್ನು ಹಿಂಡಿ, ಅದರ ಹುಳಿಯಿಂದ ಬೆರಳಿನ ಸಂದು ಸಂದನ್ನೂ ಉಜ್ಜಿಕೊಳ್ಳುತ್ತಿದ್ದರು. ಮೊದಲ ಎರಡು ಭೇಟಿಗಳಲ್ಲೂ ಇದು ನನ್ನ ಮುಂದೆಯೇ ನಡೆದಿರಬೇಕು. ನಾನು ಬಾಕ್ಸುಗಳನ್ನು, ಲಾರಿಯನ್ನು, ತೋಟದ ಮಾಲೀಕರ ಮುಖವನ್ನು ನೋಡುತ್ತಿದ್ದೆ. ಯಾತಕ್ಕೆ ತೆಗೆಯುತ್ತೀರಿ ಎಂಬ ಪ್ರಶ್ನೆಗೆ ನನ್ನಲ್ಲಿ ಏನಾದರೂ ಉತ್ತರವಿದ್ದರೆ ಅದು ಆ ಬದುವಿನ ಮೇಲೆ ಶುರುವಾದದ್ದು. ಹಾಗಾಗಿ ಮುಂದೆ ಹೇಳುವ ಪ್ರತಿಯೊಂದು ದಾರಿಯನ್ನೂ ಈ ಮೂರನೆಯ ಭೇಟಿಯ ಅಳತೆಗೋಲಿನಿಂದಲೇ ಅಳೆದಿದ್ದೇನೆ.

ಪತ್ರಿಕೆಯ ಸ್ಟ್ರಿಂಗರ್

ಎಲ್ಲರ ಕಣ್ಣಿಗೂ ಮೊದಲು ಬೀಳುವ ದಾರಿ ಇದು. ತಾಲ್ಲೂಕು ಅಥವಾ ಜಿಲ್ಲಾ ಮಟ್ಟದಲ್ಲಿ ಒಂದು ಪತ್ರಿಕೆಗೆ ಅರೆಕಾಲಿಕವಾಗಿ ಚಿತ್ರ ಕಳುಹಿಸುವುದು, ಅಚ್ಚಾದ ಚಿತ್ರಕ್ಕೆ ಇಷ್ಟು ಎಂದೋ, ತಿಂಗಳಿಗೆ ಒಂದು ಗೌರವಧನ ಎಂದೋ ಪಡೆಯುವುದು. ಇದರ ದೊಡ್ಡ ಲಾಭ ಹಣವಲ್ಲ, ಗುರುತು. ಜಿಲ್ಲಾಧಿಕಾರಿ ಕಚೇರಿಯ ಒಳಗೆ, ಅಪಘಾತದ ಸ್ಥಳದಲ್ಲಿ, ಚುನಾವಣೆಯ ಎಣಿಕೆ ಕೇಂದ್ರದ ಬಾಗಿಲಲ್ಲಿ ಪತ್ರಿಕೆಯ ಹೆಸರೊಂದು ನಿಮ್ಮ ಜೊತೆಗಿದ್ದರೆ ಅರ್ಧ ಕೆಲಸ ಸಲೀಸು. ವಾರ್ತಾ ಇಲಾಖೆಯ ಮಾನ್ಯತಾ ಪತ್ರಕ್ಕೂ ಸಾಮಾನ್ಯವಾಗಿ ಪತ್ರಿಕೆಯ ಶಿಫಾರಸೇ ದಾರಿ. ಎರಡನೆಯ ಲಾಭ ಶಿಸ್ತು. ಸಂಜೆ ಡೆಸ್ಕಿನಿಂದ ಫೋನು ಬರುವ ಮೊದಲು ಚಿತ್ರ ಆರಿಸಿ, ಅದರಲ್ಲಿರುವವರ ಹೆಸರು, ಊರು, ದಿನಾಂಕಗಳನ್ನು ಸರಿಯಾಗಿ ಬರೆದು ಕಳುಹಿಸುವ ಅಭ್ಯಾಸ ಒಮ್ಮೆ ಮೈಗೆ ಹತ್ತಿದರೆ ಜನ್ಮಕ್ಕೆ ಬಿಡುವುದಿಲ್ಲ. ಹೆಸರಿನ ಕಾಗುಣಿತ ತಪ್ಪಿದ ಮರುದಿನ ಬೆಳಿಗ್ಗೆ ಆರಕ್ಕೇ ಬರುವ ಫೋನಿಗಿಂತ ಒಳ್ಳೆಯ ಗುರು ಇಲ್ಲ.

ನಷ್ಟದ ಬದಿಯಲ್ಲಿ ಎರಡು ಸಂಗತಿಗಳನ್ನು ಮುಚ್ಚಿಡದೆ ಹೇಳಬೇಕು. ಸಣ್ಣ ಊರುಗಳಲ್ಲಿ ಸುದ್ದಿ ತರುವವರ ಮೇಲೆಯೇ ಜಾಹೀರಾತು ತರುವ ಹೊಣೆಯೂ ಬೀಳುವುದುಂಟು. ಕಲ್ಲು ಕ್ವಾರಿಯ ಮಾಲೀಕರಿಂದ ದೀಪಾವಳಿಯ ಶುಭಾಶಯದ ಜಾಹೀರಾತು ತಂದವರು ಅದೇ ಕ್ವಾರಿಯ ದೂಳಿನ ಚಿತ್ರ ತೆಗೆಯಲು ಹೋಗುವಾಗ ಕಾಲು ಹಿಂದಕ್ಕೆ ಎಳೆಯುತ್ತದೆ. ಇನ್ನೊಂದು, ದಿನದ ಕಾರ್ಯಕ್ರಮಗಳ ಹೊರೆ. ಒಂದು ಸಸಿಯನ್ನು ಹನ್ನೆರಡು ಜನ ಹಿಡಿದು ನಿಂತ ಚಿತ್ರ, ಶಾಲು ಹೊದಿಸುವ ಚಿತ್ರ, ಮನವಿ ಸಲ್ಲಿಸುವ ಚಿತ್ರ ಎಂದು ವಾರ ಕಳೆದುಹೋಗುತ್ತದೆ. ಮೂರನೆಯ ಭೇಟಿಯ ಮಾತು ಹಾಗಿರಲಿ, ಎರಡನೆಯದಕ್ಕೂ ಬಿಡುವು ಸಿಗುವುದು ಅಪರೂಪ. ಈ ದಾರಿ ಹಿಡಿಯುವುದಾದರೆ ಒಂದು ಅಥವಾ ಎರಡು ವರ್ಷದ ತರಬೇತಿ ಎಂದುಕೊಂಡು ಹಿಡಿಯುವುದು ಒಳ್ಳೆಯದು ಎನ್ನುವುದು ನನ್ನ ತೀರ್ಮಾನ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಕನ್ನಡದಲ್ಲಿ ಸ್ವತಂತ್ರವಾಗಿ ದುಡಿಯುವ ಪತ್ರಕರ್ತರನ್ನು ಬಹುಕಾಲದಿಂದ 'ಹವ್ಯಾಸಿ' ಎಂದು ಕರೆಯುತ್ತ ಬಂದಿದ್ದೇವೆ. ಹವ್ಯಾಸಕ್ಕೆ ಯಾರು ಸಂಬಳ ಕೊಡುತ್ತಾರೆ? ನಿಮ್ಮ ವಿಸಿಟಿಂಗ್ ಕಾರ್ಡಿನಲ್ಲಿ 'ಸ್ವತಂತ್ರ ಪತ್ರಿಕಾ ಛಾಯಾಗ್ರಾಹಕ' ಎಂದೇ ಹಾಕಿಸಿಕೊಳ್ಳಿ.

ಮದುವೆ ಸ್ಟುಡಿಯೊ, ಜೊತೆಗೆ ಸ್ವಂತ ಕೆಲಸ

ಇದನ್ನು ಹೇಳಿದರೆ ಪತ್ರಿಕೋದ್ಯಮ ಓದಿದವರು ಮುಖ ಸಿಂಡರಿಸುತ್ತಾರೆ. ಚಿತ್ರವೆಂದರೆ ಸತ್ಯ ಎಂದು ತರಗತಿಯಲ್ಲಿ ಕಲಿತು ಬಂದವರಿಗೆ ಛತ್ರದಲ್ಲಿ ನಿಂತು "ಸ್ವಲ್ಪ ನಗಿ ಮೇಡಂ" ಎನ್ನುವುದು ಅವಮಾನವೆನಿಸುತ್ತದೆ. ನನಗೂ ಅನಿಸಿತ್ತು. ಆದರೆ ಲೆಕ್ಕ ಹಾಕಿ ನೋಡಿದರೆ, ನಮ್ಮ ಜಿಲ್ಲೆಯಲ್ಲಿ ಒಬ್ಬ ಯುವ ಛಾಯಾಗ್ರಾಹಕನಿಗೆ ಸ್ವಂತ ವಿಷಯವೊಂದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡುವ ಸ್ವಾತಂತ್ರ್ಯವನ್ನು ಬೇರೆ ಯಾವುದಕ್ಕಿಂತಲೂ ಹೆಚ್ಚಾಗಿ ಕೊಡುವುದು ಈ ಕೆಲಸವೇ.

ಕಾರಣ ಪಂಚಾಂಗದಲ್ಲಿದೆ. ಆಷಾಢದಲ್ಲಿ ಮದುವೆಗಳಿಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಸ್ಟುಡಿಯೊಗಳು ಬಾಗಿಲು ತೆರೆದು ಆಲ್ಬಂ ಕೆಲಸ ಮುಗಿಸುತ್ತ ಕೂರುವ ಆ ಆಷಾಢದಲ್ಲೇ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಆವಕ ಏರುತ್ತದೆ, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗಳ ಕೊನೆಯ ಭರಾಟೆ ನಡೆಯುತ್ತದೆ, ಮಳೆ ಬಂತೋ ಇಲ್ಲವೋ ಎಂದು ರಾಗಿ ಬಿತ್ತುವವರು ಆಕಾಶ ನೋಡುತ್ತಾರೆ. ಒಬ್ಬರಿಗೆ ದುಡಿಮೆಯಿಲ್ಲದ ತಿಂಗಳು ಇನ್ನೊಬ್ಬರಿಗೆ ವರ್ಷದ ಬದುಕು ತೀರ್ಮಾನವಾಗುವ ತಿಂಗಳು. ಮಾಘ, ವೈಶಾಖಗಳಲ್ಲಿ ದುಡಿದು ಆಷಾಢವನ್ನು ಪೂರ್ತಿ ನಿಮ್ಮ ಕೆಲಸಕ್ಕೆ ಮೀಸಲಿಟ್ಟರೆ, ಪೆಟ್ರೋಲಿಗೆ ಯಾರ ಮುಂದೆಯೂ ಕೈ ಚಾಚದೆ ಒಂದೇ ತೋಟಕ್ಕೆ ಹತ್ತು ಸಲ ಹೋಗಬಹುದು.

ಮದುವೆಯ ಕೆಲಸ ಕಲಿಸುವುದೂ ಕಡಿಮೆಯೇನಲ್ಲ. ಧಾರೆ ಎರೆಯುವ ಗಳಿಗೆ ಎರಡನೆಯ ಸಲ ಬರುವುದಿಲ್ಲ. ಪುರೋಹಿತರ ತಲೆ ಅಡ್ಡ, ವಿಡಿಯೊದವರ ಲೈಟು ಕಣ್ಣಿಗೆ, ಅಕ್ಷತೆ ಲೆನ್ಸಿನ ಮೇಲೆ, ಇಷ್ಟರ ನಡುವೆ ಹುಡುಗಿಯ ತಂದೆಯ ಕೈ ನಡುಗಿದ್ದನ್ನು ಹಿಡಿಯಬಲ್ಲವರು ಪ್ರತಿಭಟನೆಯ ಗದ್ದಲದಲ್ಲೂ ಹಿಡಿಯಬಲ್ಲರು. ಆದರೆ ಚಿತ್ರವನ್ನು ತಿದ್ದುವ ಕೈಗೆ ಇಲ್ಲಿ ಕೆಟ್ಟ ಚಾಳಿ ಬೀಳುತ್ತದೆ ಎಂಬುದನ್ನು ಮರೆಯಬಾರದು. ಆಲ್ಬಮ್ಮಿನಲ್ಲಿ ಚರ್ಮ ನುಣುಪು ಮಾಡುವುದು, ಹಿಂದೆ ನಿಂತ ಪರಿಚಾರಕನನ್ನು ಅಳಿಸುವುದು ಸೇವೆ. ಸುದ್ದಿಚಿತ್ರದಲ್ಲಿ ಅದೇ ಕೆಲಸ ವಂಚನೆ. ಎರಡಕ್ಕೂ ಬೇರೆ ಬೇರೆ ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಅರ್ಧ ತಮಾಷೆಗೆ ಮಾತ್ರ.

ಹಕ್ಕಿನ ವಿಷಯದಲ್ಲಿ ಒಂದು ಎಚ್ಚರ ಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಆದ್ದರಿಂದ ಮದುವೆಯ ಚಿತ್ರ ನಿಮ್ಮದಲ್ಲ, ಅದನ್ನು ಕೇಳದೆ ಸ್ಪರ್ಧೆಗೆ ಕಳುಹಿಸುವಂತಿಲ್ಲ. ನಿಮ್ಮದೇ ಖರ್ಚಿನಲ್ಲಿ, ನಿಮ್ಮದೇ ಇಚ್ಛೆಯಿಂದ ಟೊಮೆಟೊ ತೋಟದಲ್ಲಿ ತೆಗೆದದ್ದು ನಿಮ್ಮದು, ಮತ್ತು ಆ ಹಕ್ಕು ನಿಮ್ಮ ಜೀವಮಾನವಿಡೀ, ನಿಮ್ಮ ನಂತರವೂ 60 ವರ್ಷ ಇರುತ್ತದೆ. ಅಂದರೆ ಸ್ಟುಡಿಯೊ ದಾರಿಯಲ್ಲಿ ಹೊಟ್ಟೆಪಾಡಿನ ಚಿತ್ರಗಳು ಬಿಟ್ಟುಹೋಗುತ್ತವೆ, ಮನಸ್ಸಿನ ಚಿತ್ರಗಳು ಉಳಿಯುತ್ತವೆ. ನನಗಂತೂ ಇದು ನ್ಯಾಯವಾದ ಪಾಲು ಎನಿಸಿದೆ.

ಸಂಸ್ಥೆಗಳಿಗೆ ಚಿತ್ರ ತೆಗೆಯುವುದು

ಸ್ವಯಂಸೇವಾ ಸಂಸ್ಥೆಗಳು, ಯೋಜನೆಗಳು, ವಾರ್ಷಿಕ ವರದಿಗಳು ಚಿತ್ರಗಳನ್ನು ಬಯಸುತ್ತವೆ, ಪತ್ರಿಕೆಗಿಂತ ಚೆನ್ನಾಗಿ ಹಣವನ್ನೂ ಕೊಡುತ್ತವೆ. ಮೇಲೆ ಹೇಳಿದ 17ನೇ ಕಲಂ ಇಲ್ಲಿ ಇನ್ನೂ ಜೋರಾಗಿ ಕಚ್ಚುತ್ತದೆ. ಒಂದು ಸಂಸ್ಥೆಗಾಗಿ ಮೂರು ದಿನ ಹಳ್ಳಿಗಳಲ್ಲಿ ಓಡಾಡಿ ತೆಗೆದ ಚಿತ್ರಗಳಲ್ಲಿ ಒಂದು, ಎರಡು ವರ್ಷದ ನಂತರ ಯಾವುದೋ ಭಿತ್ತಿಪತ್ರದಲ್ಲಿ, ನನ್ನ ಹೆಸರಿಲ್ಲದೆ, ಅದರಲ್ಲಿದ್ದ ಅಜ್ಜಿಗೆ ಸಂಬಂಧವೇ ಇಲ್ಲದ ಕಾಯಿಲೆಯೊಂದರ ಪ್ರಚಾರಕ್ಕೆ ಬಳಕೆಯಾಗಿದ್ದನ್ನು ಕಂಡೆ. ಕೇಳಲು ಹೋದರೆ ಚಿತ್ರದ ಹಕ್ಕು ಅವರದೇ ಆಗಿತ್ತು; ನಾನು ಒಂದು ಕಾಗದವನ್ನೂ ಬರೆಸಿಕೊಂಡಿರಲಿಲ್ಲ. ಅಜ್ಜಿಗೆ ಏನು ಹೇಳುವುದೆಂದು ತಿಳಿಯದೆ ಆ ಊರಿನ ದಾರಿಯಲ್ಲಿ ಬಹಳ ದಿನ ಹೋಗಲಿಲ್ಲ. ಈಗ ಒಪ್ಪಿಕೊಳ್ಳುವ ಮುನ್ನ ಅರ್ಧ ಪುಟ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ: ಹಕ್ಕು ನನ್ನದು, ಬಳಕೆ ಇಂತಿಂಥ ಉದ್ದೇಶಕ್ಕೆ, ಇಷ್ಟು ವರ್ಷಕ್ಕೆ, ಅಡಿಬರಹವನ್ನು ಬದಲಿಸುವಂತಿಲ್ಲ. ಅನೇಕರು ಮರುಮಾತಿಲ್ಲದೆ ಒಪ್ಪುತ್ತಾರೆ.

ಮಕ್ಕಳ ಚಿತ್ರ ತೆಗೆಯುವಾಗ ಇನ್ನಷ್ಟು ಜಾಗ್ರತೆ ಅಗತ್ಯ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಗುರುತನ್ನು ಬಯಲು ಮಾಡುವುದನ್ನು 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ನಿಷೇಧಿಸುತ್ತದೆ. ಕಾನೂನಿನ ಸಂಘರ್ಷಕ್ಕೊಳಗಾದ, ರಕ್ಷಣೆಯ ಅಗತ್ಯವಿರುವ ಮಕ್ಕಳ ಹೆಸರು, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸುವಂತಿಲ್ಲ ಎಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಮುಖವನ್ನು ಮಸುಕುಗೊಳಿಸಿ ಹಿಂದಿನ ಗೋಡೆಯ ಮೇಲಿರುವ ಶಾಲೆಯ ಹೆಸರನ್ನು ಹಾಗೇ ಬಿಟ್ಟವರಿದ್ದಾರೆ.

ಸಂಸ್ಥೆಯ ಕೆಲಸ ಎಂದ ಮಾತ್ರಕ್ಕೆ ಅದು ಪ್ರಚಾರವೇ ಆಗಬೇಕೆಂದಿಲ್ಲ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಪತ್ರಿಕೆಯ ಉದ್ಯೋಗ ಬಿಟ್ಟು ಸ್ವತಂತ್ರವಾಗಿ ದುಡಿದವರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ತೆಗೆದ ಸಿಡುಬು ನಿರ್ಮೂಲನೆಯ ಚಿತ್ರಗಳನ್ನು ಇಂದಿಗೂ ನೋಡಿ ಕಲಿಯಬಹುದು. ಕೆಲಸ ಕೊಟ್ಟವರ ಉದ್ದೇಶ ಮುಗಿದ ಮೇಲೂ ಚಿತ್ರದೊಳಗಿನ ಮನುಷ್ಯರು ಉಳಿದುಕೊಂಡಿದ್ದಾರೆ.

ಈ ಗುಂಪಿಗೇ ಸೇರಿಸಬಹುದಾದ ಇನ್ನೊಂದು ಬಾಗಿಲು ದೀರ್ಘ ಚಿತ್ರಕಥನಗಳನ್ನು ಪ್ರಕಟಿಸುವ ತಾಣಗಳು. ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ 'ಪರಿ' ಜಾಲತಾಣ ಗ್ರಾಮೀಣ ಭಾರತದ ಬದುಕನ್ನೇ ವಿಷಯವಾಗಿಟ್ಟುಕೊಂಡಿದೆ, ಅದರ ವರದಿಗಳು ಕನ್ನಡದಲ್ಲೂ ಬರುತ್ತವೆ. ಇಂಥಲ್ಲಿಗೆ ಒಂದು ಒಳ್ಳೆಯ ಚಿತ್ರ ಸಾಲದು; ಹತ್ತಾರು ಚಿತ್ರಗಳು, ಹೆಸರು ವಿವರಗಳು, ಜನರ ಮಾತು, ತಿಂಗಳುಗಟ್ಟಲೆಯ ಓಡಾಟ ಬೇಕು. ಮೂರನೆಯ ಭೇಟಿಯನ್ನು ಕೇಳುವವರು ಇಲ್ಲಿದ್ದಾರೆ, ಆದರೆ ಅಲ್ಲಿಯವರೆಗಿನ ಖರ್ಚನ್ನು ನೀವೇ ಹೊರಬೇಕು. ಸ್ಟುಡಿಯೊ ದಾರಿಯ ಜೊತೆ ಇದು ಹೊಂದುವಷ್ಟು ಚೆನ್ನಾಗಿ ಸ್ಟ್ರಿಂಗರ್ ಕೆಲಸದ ಜೊತೆ ಹೊಂದುವುದಿಲ್ಲ.

ಬೆಂಗಳೂರಿಗೆ ಹೋಗುವುದು, ಇಲ್ಲವೇ ಮತ್ತೆ ಓದುವುದು

ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳನ್ನು ನೋಡಿದವರಿಗೆ ಈ ದಾರಿಯ ಸೆಳೆತವನ್ನು ವಿವರಿಸಬೇಕಿಲ್ಲ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್ ತನ್ನ ಮಕ್ಕಳನ್ನು ದಿನವೂ ಆ ರೈಲುಗಳಲ್ಲಿ ತುಂಬಿ ಕಳುಹಿಸುತ್ತಿದೆ. ಬೆಂಗಳೂರಿನಲ್ಲಿ ಸುದ್ದಿಸಂಸ್ಥೆಗಳಿವೆ, ಹಿರಿಯ ಛಾಯಾಗ್ರಾಹಕರ ಸಹಾಯಕರಾಗಿ ದುಡಿಯುವ ಅವಕಾಶವಿದೆ, ಮತ್ತು ಮುಖ್ಯವಾಗಿ ನಿಮ್ಮ ಚಿತ್ರವನ್ನು ನೋಡಿ ಮುಲಾಜಿಲ್ಲದೆ ಮಾತನಾಡುವ ಫೋಟೊ ಎಡಿಟರುಗಳಿದ್ದಾರೆ. ಈ ಒಂದು ವಿಷಯದಲ್ಲಿ ಕೋಲಾರ ಬಡವಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ; ಇಲ್ಲಿ ಮೆಚ್ಚುವವರು ಸಿಗುತ್ತಾರೆ, ತಿದ್ದುವವರು ಸಿಗುವುದಿಲ್ಲ. 1971ರಿಂದ ನಡೆದುಬಂದಿರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಬಳಗಗಳೂ ಅಲ್ಲಿವೆ, ಆದರೆ ಸಲಾನ್ ಎನ್ನುವ ಛಾಯಾಚಿತ್ರ ಪ್ರದರ್ಶನ ಸ್ಪರ್ಧೆಗಳ ಅಂಕಗಳನ್ನೇ ಗುರಿ ಮಾಡಿಕೊಂಡರೆ ಸುದ್ದಿಚಿತ್ರ ಬೇಗನೆ ಬರೀ ನೋಟದ ಚಿತ್ರವಾಗಿಬಿಡುವ ಅಪಾಯವಿದೆ.

ಬಿಟ್ಟುಹೋಗುವುದೇನು ಎಂಬುದನ್ನೂ ಎಣಿಸಿ. ನಮ್ಮ ಜಿಲ್ಲೆಯಲ್ಲಿ ಬೆಳೆದವರಿಗೆ ಕನ್ನಡದ ಜೊತೆ ತೆಲುಗು ತಾನಾಗಿ ಬರುತ್ತದೆ, ಕೆಜಿಎಫ್ ಕಡೆಯವರಾದರೆ ತಮಿಳು, ಪೇಟೆಯಲ್ಲಿ ಆಡಿದವರಾದರೆ ದಖನಿ ಉರ್ದು. ಬೆಂಗಳೂರಿನಿಂದ ಕಾರಿನಲ್ಲಿ ಬಂದ ಛಾಯಾಗ್ರಾಹಕರು ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ಸೈನೈಡ್ ದಿಬ್ಬಗಳ ಮೇಲೆ ಸಂಜೆಯ ಬೆಳಕು ಹಿಡಿದು ಹಿಂತಿರುಗುತ್ತಾರೆ. ಆ ದಿಬ್ಬದ ದೂಳು ಗಾಳಿಗೆ ಗಣಿ ಕಾರ್ಮಿಕರ ಯಾವ ಲೈನಿನ ಮನೆಗಳಿಗೆ ನುಗ್ಗುತ್ತದೆ, ನಿವೃತ್ತ ಕಾರ್ಮಿಕರು ಯಾವ ಕಾಗದಗಳನ್ನು ಇಂದಿಗೂ ಟ್ರಂಕಿನಲ್ಲಿ ಕಾಪಾಡಿಟ್ಟಿದ್ದಾರೆ ಎನ್ನುವುದು ಜಗಲಿಯ ಮೇಲೆ ಕುಳಿತು ಅವರ ಮಾತಿನಲ್ಲೇ ಮಾತನಾಡುವವರಿಗೆ ಮಾತ್ರ ಸಿಗುವಂಥದ್ದು. ಕೆ.ಸಿ. ವ್ಯಾಲಿಯ ನೀರಿನ ಕತೆಯೂ ಹೀಗೆಯೇ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿಸಲು ಶುರು ಮಾಡಿದಾಗ ತೆಗೆದ ಚಿತ್ರಗಳು ಎಲ್ಲರ ಬಳಿ ಇವೆ. ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ಕೇಳುವವರು, ಕೊಳವೆಬಾವಿಯಲ್ಲಿ ನೀರು ಮೇಲೆ ಬಂತೆಂದು ಸಂತೋಷಪಡುವವರು ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಇದ್ದಾರೆ. ಆ ಮನೆಯೊಳಗಿನ ಚಿತ್ರವನ್ನು ತಂದವರು ಕಡಿಮೆ. ಬೆಂಗಳೂರಿಗೆ ಹೋಗುವುದಾದರೆ ಕಲಿಯಲು ಹೋಗಿ. ವಾರದ ಎರಡು ದಿನ ಊರಿಗೆ ಮೀಸಲಿರಲಿ.

ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಛಾಯಾಗ್ರಹಣಕ್ಕೆಂದೇ ಸ್ನಾತಕೋತ್ತರ ಕೋರ್ಸನ್ನು ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ತನ್ನ ಗಾಂಧಿನಗರ ಕ್ಯಾಂಪಸ್ಸಿನಲ್ಲಿ ನಡೆಸಿದೆ, ಪತ್ರಿಕೋದ್ಯಮದ ಪದವಿ ನಮ್ಮ ವಿಶ್ವವಿದ್ಯಾಲಯಗಳಲ್ಲೇ ಸಿಗುತ್ತದೆ. ವಿದ್ಯಾರ್ಥಿವೇತನ ಸಿಕ್ಕರೆ ಹೋಗಿ. ಸಾಲ ಮಾಡಿ ಹೋಗುವುದಾದರೆ, ಆ ಸಾಲದ ಕಂತು ಮುಂದಿನ ಐದು ವರ್ಷ ನೀವು ಯಾವ ಚಿತ್ರ ತೆಗೆಯಬೇಕೆಂದು ತೀರ್ಮಾನಿಸುತ್ತದೆ ಎಂಬುದು ನೆನಪಿರಲಿ.

ಯಾರಿಗೆ ಯಾವುದು

ಮನೆಯಲ್ಲಿ ತಿಂಗಳ ದುಡಿಮೆ ತುರ್ತಾಗಿ ಬೇಕಾದವರು ಸ್ಟುಡಿಯೊ ಸೇರಲಿ. ಜನರ ಮುಂದೆ ಕ್ಯಾಮೆರಾ ಎತ್ತಲು ಇನ್ನೂ ನಾಚುವವರು, ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಲು ಅಂಜುವವರು ಒಂದು ವರ್ಷ ಸ್ಟ್ರಿಂಗರ್ ಆಗಲಿ. ಆ ಅಂಜಿಕೆ ಹೋಗುವುದು ಅಲ್ಲಿಯೇ. ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಬೇರೆಯಾಗಿ ಹೇಳಬೇಕು. ಇವಳನ್ನು ಮಂಡಿಗೆ, ಪ್ರತಿಭಟನೆಗೆ ಕಳುಹಿಸುವುದು ಹೇಗೆ ಎಂದು ಮನೆಯವರು ಹಿಂಜರಿಯುತ್ತಾರೆ, ಆದರೆ ಅಡುಗೆಮನೆ, ಬಾಣಂತಿ ಕೋಣೆ, ಗಾರ್ಮೆಂಟ್ಸ್ ಬಸ್ಸಿನ ಒಳಗೆ ಗಂಡಸರಿಗೆ ಎಂದೂ ಸಿಗದ ಪ್ರವೇಶ ಅವರಿಗೆ ಸಿಗುತ್ತದೆ, ನಮ್ಮ ಜಿಲ್ಲೆಯ ಚಿತ್ರಗಳಲ್ಲಿ ಕೊರತೆಯಿರುವುದೂ ಅಲ್ಲಿಯದೇ. ಅಕ್ರಮ ಕ್ವಾರಿ, ಮರಳು ದಂಧೆಯಂಥ ವಿಷಯಗಳಿಗೆ ಗಂಡಾಗಲಿ ಹೆಣ್ಣಾಗಲಿ ಒಂಟಿಯಾಗಿ ಹೋಗಬಾರದು. ಸ್ವತಂತ್ರರ ಬೆನ್ನಿಗೆ ಕಚೇರಿಯಿಲ್ಲ, ವಕೀಲರಿಲ್ಲ. ಅಂಥ ಕೆಲಸಕ್ಕೆ ಮೊದಲೇ ಒಂದು ಪತ್ರಿಕೆಯ ಸಂಪಾದಕರ ಲಿಖಿತ ಒಪ್ಪಿಗೆ ಪಡೆದು, ವರದಿಗಾರರ ಜೊತೆಯಲ್ಲೇ ಹೋಗುವುದು ಕ್ಷೇಮ.

ಕ್ಯಾಮೆರಾದ ಆಯ್ಕೆಯ ಬಗ್ಗೆ ಯುವಕರು ಕೇಳುವಷ್ಟು ಪ್ರಶ್ನೆಗಳನ್ನು ಬೇರೆ ಯಾವುದರ ಬಗ್ಗೆಯೂ ಕೇಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಬಾಡಿ, ಒಂದು 35 ಎಂ.ಎಂ. ಲೆನ್ಸ್, ಎರಡು ಕಾರ್ಡ್, ಒಂದು ನೋಟ್ ಪುಸ್ತಕ ಸಾಕು. ನೋಟ್ ಪುಸ್ತಕವನ್ನು ಬಿಡಬೇಡಿ. ಹೋದ ದಿನಾಂಕ, ಕಂಡವರ ಹೆಸರು, ಅವರು ಹೇಳಿದ ಒಂದು ಮಾತು, ಮುಂದಿನ ಸಲ ಕೊಂಡೊಯ್ಯಬೇಕಾದ ಪ್ರಿಂಟಿನ ಲೆಕ್ಕ ಅದರಲ್ಲಿರಲಿ. ಪ್ರಿಂಟ್ ಕೊಂಡೊಯ್ದರೆ ಮೂರನೆಯ ಭೇಟಿಗೆ ನೆವ ಹುಡುಕಬೇಕಿಲ್ಲ. ನಾನು ಮೇಲೆ ಹೇಳಿದ ತೋಟಕ್ಕೆ ಕೈಗಳ ಚಿತ್ರವನ್ನು ಪ್ರಿಂಟ್ ಹಾಕಿಸಿಕೊಂಡು ಹೋದಾಗ ಅವರಲ್ಲಿ ಹಿರಿಯರಾದವರು ಅದನ್ನು ಬಹಳ ಹೊತ್ತು ನೋಡಿ, "ಮುಖ ಬಿಟ್ಟು ಕೈ ಯಾಕಪ್ಪ ತೆಗೆದೆ?" ಎಂದು ಕೇಳಿದರು. ಯಾವ ಪೇಪರ್ ಎಂದು ಮಾತ್ರ ಕೇಳಲಿಲ್ಲ.